ಐದನೆಯ ತೆನೆ

ಒಲೆಯ ಮೇಲೆ ನಾಲ್ಕು ಮುಸುಕಿನ ಜೋಳದ ತೆನೆ ಬೇಯುತ್ತಿದ್ದವು. ದರ್ಜಿ ಕನ್ನಡಿಯ ಮುಂದೆ ನಿಂತು, ಬೆಳಿಗ್ಗೆ ತಾನೇ ಹಾಕಿಸಿಕೊಂಡು ಬಂದಿದ್ದ ಹಲ್ಲಿನ ಸೆಟ್ಟನ್ನು ಬಲದಿಂದ ನೋಡಿದ, ಎಡದಿಂದ ನೋಡಿದ. ಗಿರಾಕಿಗೆ ಕೋಟು ತೊಡಿಸಿ, ಹೆಗಲು ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸುವ ನೋಟ ಅದು. ನಲವತ್ತು ವರ್ಷ ದಾರ ಕಡಿದು ಕಡಿದೇ ಹಲ್ಲು ಹಾಳುಮಾಡಿಕೊಂಡಿದ್ದ. ಕತ್ತರಿ ಕೈಗೆಟುಕುವಂತೆಯೇ ಇರುತ್ತಿತ್ತು, ಆದರೂ ಹಲ್ಲೇ ಬೇಕು. ಮುಂದಿನವೆಲ್ಲ ಹೋಗಿ ಎರಡು ವರ್ಷವಾಗಿತ್ತು.

“ಇವತ್ತು ತೆನೆ ಕಚ್ಚೇ ತಿನ್ನೋದು,” ಎಂದ, ಅಡುಗೆಮನೆಗೆ ಕೇಳುವಂತೆ.

“ಒಂದು ತಿಂಗಳು ಏನೂ ಕಚ್ಚಬಾರದು ಅಂತ ಡಾಕ್ಟರು ಹೇಳಿದ್ದು ನನಗೂ ಕೇಳಿಸಿದೆ ರೀ,” ಎಂದಳು ಹೆಂಡತಿ. “ಎರಡು ವರ್ಷ ಬಟ್ಟಲಲ್ಲಿ ತಿಂದವರಿಗೆ ಇನ್ನೊಂದು ತಿಂಗಳು ಹೆಚ್ಚಾ?”

“ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನಗೆ ಎರಡೂ ಇವೆ, ತಿನ್ನೋ ಹಾಗಿಲ್ಲ.”

ಬಟ್ಟಲನ್ನು ಕಂಡರೆ ಅವನಿಗಾಗದು. ಬೆಂದ ಕಾಳನ್ನು ಚಾಕುವಿನಿಂದ ಹೆರೆದು, ಬೆಣ್ಣೆ ಕಲಸಿ, ಚಮಚ ಇಟ್ಟು ಕೊಟ್ಟಾಗಲೆಲ್ಲ ತೊಟ್ಟಿಲ ಮಗುವಾದೆನೇನೋ ಎಂದು ನಾಚಿಕೆಯಾಗುತ್ತಿತ್ತು. ಇದ್ದ ಸಮಾಧಾನ ಒಂದೇ. ಹೆಂಡತಿಯೂ ಎದುರಿಗೆ ಕೂತು ಬಟ್ಟಲಲ್ಲೇ ತಿನ್ನುತ್ತಿದ್ದಳು. ಕಚ್ಚಿದರೆ ಹಲ್ಲಿಗೆ ನಾರು ಸಿಕ್ಕಿಕೊಳ್ಳುತ್ತದೆ, ಈಗೀಗ ನನಗೂ ಒಗ್ಗುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದಳು.

“ಐದು ತಂದಿದ್ದೆನಲ್ಲ, ನಾಲ್ಕೇ ಇವೆ?” ಅವನು ಪಾತ್ರೆಯೊಳಗೆ ಇಣುಕಿದ.

“ಒಂದು ಹುಳುಕು.”

ಪ್ರತಿ ಸಲವೂ ಒಂದು ಹುಳುಕೇ. ಮಾರುವವನಿಗೆ ಮತ್ತೊಮ್ಮೆ ಬೈದು, ಉಪ್ಪಿನ ಡಬ್ಬಕ್ಕೆ ಕೈ ಹಾಕಿದ. ಬೇಯುವಾಗ ಉಪ್ಪು ಬಿದ್ದರೆ ಕಾಳು ಗಟ್ಟಿಯಾಗುತ್ತದೆ ಎಂದು ಅವಳು ಅವನ ಕೈ ಸರಿಸಿದಳು.

“ಇಲ್ಲಿ ನಿಂತು ಅಡ್ಡ ಆಗಬೇಡಿ. ಹೋಗಿ ಆ ಸಿಪ್ಪೆ ಆದ್ರೂ ಹಾಕಿ ಬನ್ನಿ.”

ಸಿಪ್ಪೆ ಎಸೆಯುವುದು ಯಾವಾಗಲೂ ಅವಳದೇ ಕೆಲಸ. ಅಂದು ಅವನನ್ನು ಸಾಗಹಾಕುವ ಗಡಿಬಿಡಿಯಲ್ಲಿ ಅದನ್ನು ಮರೆತಳು. ಹಿತ್ತಲಲ್ಲಿ ಅವನು ಬುಟ್ಟಿ ಬೋರಲು ಹಾಕಿದಾಗ, ಸಿಪ್ಪೆಯ ಅಡಿಯಿಂದ ಒಂದು ದಿಂಡು ಉರುಳಿತು. ಕಾಳೆಲ್ಲ ಖಾಲಿ. ಇನ್ನೂ ಬೆಚ್ಚಗಿತ್ತು, ನಿಂಬೆಯ ವಾಸನೆ ಬೇರೆ.

ಪೂರ್ತಿ ಖಾಲಿಯಲ್ಲ. ಕಚ್ಚಿದ ಪ್ರತಿ ಪಟ್ಟಿಯ ನಡುವೆ ಒಂದೊಂದು ಸಾಲು ಕಾಳು ಉಳಿದಿತ್ತು. ಹೆಂಡತಿಯ ಮೇಲ್ಸಾಲಿನ ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿ ದರ್ಜಿಗೆ ತನ್ನ ಸೂಜಿಯ ಕಣ್ಣಿನಷ್ಟೇ ಪರಿಚಿತ.

ಮೊದಲು ಸಿಟ್ಟು ಬಂತು. ಎರಡು ವರ್ಷ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಿದೆ, ನಾನು ಪಾಪದ ಮಾರುವವನಿಗೆ ಬೈದಿದ್ದೇನೆ. ಸಿಟ್ಟಿನ ಬೆನ್ನಿಗೇ ನಗು ಬಂತು. ಇಷ್ಟದ ತಿಂಡಿಯನ್ನು ತನ್ನದೇ ಮನೆಯಲ್ಲಿ ಕದ್ದು ತಿಂದು, ಬಾಯಿ ಒರೆಸಿಕೊಂಡು ಬಂದು, ಮತ್ತೆ ಅವನೆದುರು ಚಮಚ ಹಿಡಿದು ಕೂತಿದ್ದಾಳೆ. ಅವಳ ಮೇಲೆ ಅವನಿಗೆ ತುಂಬ ಪ್ರೀತಿ ಬಂತು.

ಒಳಗೆ ಅವಳು ಆಗಲೇ ಚಾಕು ಹಿಡಿದಿದ್ದಳು.

“ಒಂದು ತೆನೆ ಹಾಗೇ ಬಿಡು.”

“ಡಾಕ್ಟರು ಬೇಡ ಅಂದಿದ್ದಾರೆ ಅಂದೆನಲ್ಲ.”

“ನನಗಲ್ಲ ಕಣೇ, ನಿನಗೆ.” ದಿಂಡನ್ನು ಅವಳ ಮುಂದಿಟ್ಟ. “ಈ ಹೊಲಿಗೆ ಯಾವ ಮಷೀನಿಂದು ಅಂತ ನನಗೆ ಗೊತ್ತಾಗಲ್ವಾ?”

ಅವಳ ಮುಖ ಕಿವಿಯವರೆಗೂ ಕೆಂಪಾಯಿತು. “ನಿಮ್ಮೆದುರು ಹೇಗೆ ತಿನ್ನಲಿ? ಬಿಡೋಕೂ ಆಗಲಿಲ್ಲ,” ಎಂದಳು.

“ಗೊತ್ತು. ಕೂತ್ಕೋ.”

ಅವನೇ ತೆನೆಗೆ ಬೆಣ್ಣೆ ಸವರಿದ. ನಿಂಬೆ ಹೋಳನ್ನು ಉಪ್ಪು ಖಾರದಲ್ಲಿ ಅದ್ದಿ, ಸಾಲು ಸಾಲಾಗಿ ಒತ್ತಿ ಉಜ್ಜಿದ. ಅವಳು ಮೊದಮೊದಲು ಬೆರಳ ತುದಿಯಲ್ಲಿ ಹಿಡಿದು ಸಂಕೋಚದಿಂದ ಕಚ್ಚಿದಳು. ಆಮೇಲೆ ಗಲ್ಲದ ಮೇಲೆ ಬೆಣ್ಣೆ ಇಳಿದರೂ ಒರೆಸಿಕೊಳ್ಳಲಿಲ್ಲ. ಎದುರಿಗೆ ಬಟ್ಟಲು ಹಿಡಿದು ಕೂತ ದರ್ಜಿಗೆ, ಎಷ್ಟೋ ದಿನಗಳ ಮೇಲೆ, ಚಮಚ ಹಗುರವಾಗಿತ್ತು.

ತಿಂದು ಮುಗಿಸಿ ಅವಳು ದಿಂಡು ಎತ್ತಿಕೊಂಡು ಎದ್ದಳು.

“ಇಲ್ಲಿ ಕೊಡು, ಎಸೀಬೇಡ.”

ದಿಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಅವಳ ಸಂದಿಗೆ ಸಿಗದ ಕಾಳುಗಳು ಅಲ್ಲೇ ನೆಟ್ಟಗೆ ನಿಂತಿದ್ದವು. ಹಳೆಯ ಹೊಲಿಗೆ ಬಿಚ್ಚುವವನಂತೆ ಹೆಬ್ಬೆರಳ ಉಗುರಿನಿಂದ ಅವನ್ನು ಒಂದೊಂದಾಗಿ ಬಿಡಿಸಿ, ಬಾಯಿಗೆ ಹಾಕಿಕೊಳ್ಳತೊಡಗಿದ.