ಕಾಜಾ ಹೊಲಿದ ಕಾರ್ಡು

ಗುಂಡಿ ತೂರಿಸುವ ಸೀಳಿಗೆ ನಮ್ಮ ಕಸುಬಿನಲ್ಲಿ ಕಾಜಾ ಎನ್ನುತ್ತೇವೆ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಪ್ಪನ ಟೈಲರ್ ಅಂಗಡಿಯ ಕಿಟಕಿ ಪಕ್ಕ ಕೂತು ಕಾಜಾ ಹೊಲಿಯುವುದನ್ನು ಕಲಿತೆ. ಅಪ್ಪ ಹೋದ ಮೇಲೆ ಅಂಗಡಿ ತಮ್ಮನದಾಯಿತು. ಕಿಟಕಿ ಪಕ್ಕದ ಸ್ಟೂಲು ನನ್ನದಾಗಿ ಉಳಿಯಿತು.

ಒಂದು ದಿನ ತಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡು ಬಂದು ನಿಂತ.

"ಅಕ್ಕಾ, ಮುಂದಿನ ತಿಂಗಳು ಕಾಜಾ ಮೆಷಿನ್ ಬರುತ್ತೆ. ಇನ್ನು ನೀನ್ಯಾಕೆ ಕಣ್ಣು ಹಾಳು ಮಾಡ್ಕೋತೀಯ? ಮನೇಲಿ ಆರಾಮಾಗಿರು."

"ಆರಾಮಾಗಿದ್ದು ಏನು ಮಾಡಲಿ?"

"ಅದೂ ಒಂದು ಪ್ರಶ್ನೇನಾ" ಎಂದು ನಕ್ಕು ಕತ್ತರಿ ಕೈಗೆತ್ತಿಕೊಂಡ.

ಕೈಯಲ್ಲಿ ಕಸುಬಿಟ್ಟುಕೊಂಡು ತಮ್ಮನ ಮನೆಯಲ್ಲಿ ದಂಡಪಿಂಡದ ಹಾಗೆ ಕೂರುವುದು ನನಗೆ ಬೇಕಿರಲಿಲ್ಲ. ಕೋಟು ಹೊಲಿಸುವವರಲ್ಲಿ ಕೆಲವರಿಗೆ ಇವತ್ತಿಗೂ ಕೈಯ ಕಾಜಾವೇ ಆಗಬೇಕು. ಅಂಥವರಿಗೆ ನಾನಿರುವುದು ಗೊತ್ತಾದರೆ ಸಾಕು, ಮನೆಯ ಹಿಂದಿನ ಕೋಣೆಯಲ್ಲೇ ಕೂತು ನನ್ನ ಪಾಡಿಗೆ ನಾನು ದುಡಿಯಬಹುದು. ಗೊತ್ತಾಗಲು ಒಂದು ಕಾರ್ಡು ಬೇಕಿತ್ತು.

ನಾನೇ ಮಾಡಿದೆ. ಬಟ್ಟೆಯ ಅಳತೆಗೆ ನಮೂನೆ ಕತ್ತರಿಸುವ ದಪ್ಪ ಕಾಗದದಲ್ಲಿ ಒಂದು ತುಂಡು ತೆಗೆದು ನಡುವೆ ನನ್ನ ಹೆಸರು, ಕೆಳಗೆ 'ಕೈಯಲ್ಲಿ ಹೊಲಿದ ಕಾಜಾ', ಅದರ ಕೆಳಗೆ ಫೋನು ನಂಬರು ಬರೆದೆ. ಮೂಲೆಯಲ್ಲಿ ನಿಜವಾದ ಕಾಜಾ. ಕಾಗದ ಹರಿಯದಂತೆ ಮೊದಲೇ ಸೂಜಿಯಿಂದ ಚುಚ್ಚಿಕೊಂಡು, ಕೆಂಪು ರೇಷ್ಮೆ ದಾರದಲ್ಲಿ ಒತ್ತೊತ್ತಾಗಿ ಹೊಲಿದೆ. ಓದು ಬಾರದವರೂ ಬೆರಳಾಡಿಸಿದರೆ ನನ್ನ ಕೆಲಸ ತಿಳಿಯಬೇಕು.

ಊಟದ ಹೊತ್ತಿಗೆ ತೋರಿಸಿದೆ. ತಮ್ಮ ತಿರುಗಿಸಿ ಮುರುಗಿಸಿ ನೋಡಿದ.

"ಜೇಬಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ ಅಕ್ಕಾ. ಕಾರ್ಡು ಅಂದ್ರೆ ನೀಟಾಗಿರಬೇಕು. ತೂತಿರೋ ಕಾರ್ಡು ಯಾರು ಇಟ್ಕೋತಾರೆ?"

"ಹರಿದಿದ್ದಕ್ಕೆ ತೇಪೆ ಹಾಕಿದ ಹಾಗಿದೆ ಅತ್ತಿಗೆ. ಬೇಜಾರು ಮಾಡ್ಕೋಬೇಡಿ" ಎಂದಳು ತಮ್ಮನ ಹೆಂಡತಿ.

ಬೇಜಾರು ಮಾಡ್ಕೋಬೇಡಿ ಅಂದ ಮೇಲೆ ಬೇಜಾರು ಮಾಡಿಕೊಳ್ಳುವ ಹಕ್ಕೂ ಉಳಿಯುವುದಿಲ್ಲ. ಇನ್ನೊಂದು ತುಂಡು ಕತ್ತರಿಸಿ, ಕಾಜಾ ಹೊಲಿಯುವ ಬದಲು ಪೆನ್ನಿನಲ್ಲಿ ಅದರ ಚಿತ್ರ ಬರೆದು ಪ್ರೆಸ್ಸಿಗೆ ಒಯ್ದೆ.

"ಇದೇನಮ್ಮಾ, ಜಿರಳೆನಾ?" ಎಂದು ಕೇಳಿದ ಪ್ರೆಸ್ಸಿನವನು.

"ಕಾಜಾ."

"ನಿಮಗೆ ಕಾಜಾ. ನೋಡೋರಿಗೆ ಮೀಸೆ ಸಮೇತ ಜಿರಳೆ. ತೆಗೆದುಬಿಡಿ."

ತೆಗೆಸಿದೆ. ಪ್ರೆಸ್ಸಿನವನು ಅಚ್ಚು ಹಾಕಿಕೊಟ್ಟ ಮಾದರಿಯನ್ನು ತಮ್ಮನಿಗೆ ತೋರಿಸಿದಾಗ ಅವನು ಇನ್ನೊಂದು ಮಾತು ಹೇಳಿದ. "ಕೈಯಲ್ಲಿ ಹೊಲಿದದ್ದು ಅಂತ ಹಾಕಿದ್ರೆ ನಮ್ಮ ಮೆಷಿನ್ ಕೆಲಸಾನ ಹೀಗಳೆದ ಹಾಗಾಗುತ್ತೆ. ಸುಮ್ನೆ 'ಹೊಲಿಗೆ ಕೆಲಸ' ಅಂತ ಹಾಕು." ಅದನ್ನೂ ಹಾಕಿಸಿದೆ. ಬುದ್ಧಿ ಹೇಳುವವರು ನನ್ನವರೇ ಅಲ್ಲವೇ?

ಬಿಳೀ ಕಾರ್ಡುಗಳು ಬಂದವು. ನುಣುಪಾಗಿದ್ದವು. ಹಂಚಿದೆ. ಒಬ್ಬಾಕೆ ಬಂದು ದಿಂಬಿನ ಚೀಲಕ್ಕೆ ಜಿಪ್ ಹಾಕಿಕೊಡುತ್ತೀರಾ ಎಂದು ಕೇಳಿದಳು. ಮತ್ತೆ ಯಾರೂ ಬರಲಿಲ್ಲ.

ಅಂಗಡಿಗೆ ಮೆಷಿನ್ ಬಂತು. ಅದಾದ ಮೇಲೊಂದು ದಿನ ತಮ್ಮ ಹಿಂದಿನ ಕೋಣೆಗೆ ಬಂದು, ತನ್ನ ಅಂಗಡಿಯ ಹೊಸ ಕಾರ್ಡುಗಳ ಕಟ್ಟನ್ನು ನನ್ನ ಮುಂದಿಟ್ಟ. ಮೂಲೆ ಖಾಲಿ ಬಿಡಿಸಿದ್ದ.

"ಅವತ್ತು ನೀನು ಮಾಡಿದ್ಯಲ್ಲ ಅಕ್ಕಾ, ಹಾಗೆ ಇಲ್ಲಿ ಒಂದೊಂದು ಕಾಜಾ ಹಾಕ್ಕೊಡು. ಮೆಷಿನ್ನು ಕಾಗದ ಹರಿದುಹಾಕುತ್ತೆ."

"ತೂತಿರೋ ಕಾರ್ಡು ಯಾರು ಇಟ್ಕೋತಾರೆ ಅಂದಿದ್ದೆ."

"ಅಂದಿದ್ದೆ. ಅಂಗಡಿ ಕಾರ್ಡು ಬೇರೆ ಅಕ್ಕಾ."

ಅಡುಗೆಮನೆಯಿಂದ ಅವನ ಹೆಂಡತಿಯ ದನಿ ಬಂತು. "ಹೇಗೂ ಕೈ ಖಾಲಿ ಇದೆಯಲ್ಲ ಅತ್ತಿಗೆ."

ಖಾಲಿಯೇ ಇತ್ತು. ಹೊಲಿದೆ. ಒಂದನ್ನಾದರೂ ಸೊಟ್ಟಗೆ ಹೊಲಿಯೋಣವೆಂದು ನೋಡಿದೆ, ಕೈ ಕೇಳಲಿಲ್ಲ.

ಕೊನೆಯ ಕಟ್ಟನ್ನು ಕೊಡಲು ಅಂಗಡಿಗೆ ಹೋದಾಗ ತಮ್ಮ ಹೊಸ ಗಿರಾಕಿಯೊಬ್ಬರ ಭುಜ ಅಳೆಯುತ್ತಿದ್ದ. ಅವರು ವಕೀಲರು. ಕೈಯಲ್ಲಿ ತಮ್ಮನ ಕಾರ್ಡು. ಹೆಬ್ಬೆರಳಿನಿಂದ ಕಾಜಾ ಸವರುತ್ತಿದ್ದರು.

"ಚೆನ್ನಾಗಿದೆಯಲ್ರೀ ಇದು. ಯಾರು ಹೊಲಿದದ್ದು?"

"ಎಲ್ಲ ನಮ್ಮಲ್ಲೇ ಸಾರ್" ಎಂದ ತಮ್ಮ. ನನ್ನತ್ತ ತಿರುಗಲಿಲ್ಲ.

ಕಟ್ಟನ್ನು ಮೇಜಿನ ಮೇಲಿಟ್ಟು ಹೊರಗೆ ಮೆಟ್ಟಿಲ ಬಳಿ ಕಾದೆ. ವಕೀಲರು ಹೊರಗೆ ಬಂದಾಗ ನನ್ನ ಕಾರ್ಡು ಕೊಟ್ಟೆ.

"ಆ ಕಾಜಾ ನಾನು ಹೊಲಿದದ್ದು. ನಿಮ್ಮ ಕೋಟಿಗೂ ಕೈಯಲ್ಲೇ ಹೊಲಿದುಕೊಡ್ತೀನಿ."

ಅವರು ಎರಡೂ ಕಾರ್ಡುಗಳನ್ನು ಪಕ್ಕಪಕ್ಕ ಹಿಡಿದು ನೋಡಿದರು. ಕೆಟ್ಟ ಮನುಷ್ಯರಲ್ಲ, ಮೆತ್ತಗೇ ಕೇಳಿದರು.

"ನೀವೇ ಹೊಲಿಯೋದಾದ್ರೆ ನಿಮ್ಮ ಕಾರ್ಡಲ್ಲೇ ಯಾಕೆ ಹಾಕ್ಕೊಂಡಿಲ್ಲಮ್ಮಾ?"

ಎಲ್ಲಿಂದ ಶುರು ಮಾಡಿ ಹೇಳಲಿ? ಅವರು ನನ್ನದನ್ನು ನನ್ನ ಕೈಗೇ ಇಟ್ಟರು. ತಮ್ಮನದನ್ನು ಜೇಬಿಗಿಳಿಸಿದರು. ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ.