ಅತ್ತೆಯ ಮೊಣಕಾಲು

ಚನ್ನಬಸವ್ವನ ಮೊಣಕಾಲ ಹಿಂದೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ಆ ದಿನ ಸೊಸೆ ಸ್ನೇಹಲ್‌ಗೆ ಆದ ಸಂತೋಷವನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಗಂಡ ಅಮರನ ಎದುರು ‘ಅಯ್ಯೋ ಪಾಪ’ ಅಂದಳು. ಆಮೇಲೆ ಅಡುಗೆಮನೆಗೆ ಬಂದು, ಒಂದು ಕಪ್ ಚಹಾ ಹೆಚ್ಚಿಗೆ ಮಾಡಿಕೊಂಡು, ಊದಿ ಊದಿ ಕುಡಿದಳು.

ಅವರದು ಪುಣೆಯ ಭವಾನಿ ಪೇಠೆಯಲ್ಲಿ ಮೆಣಸಿನಕಾಯಿ ವ್ಯಾಪಾರ, ಬಿಬವೇವಾಡಿಯಲ್ಲಿ ಫ್ಲಾಟು. ಅಡುಗೆಮನೆಯಲ್ಲಿ ಗ್ರಾನೈಟ್ ಕಟ್ಟೆ, ಅದರ ಮೇಲೆ ಗಾಜಿನ ಗ್ಯಾಸು, ಎಲ್ಲಾ ಇತ್ತು. ಆದರೆ ಜೋಳದ ರೊಟ್ಟಿಯನ್ನು ಮಾತ್ರ ನೆಲದ ಮೇಲೆ ಕೂತೇ ಬಡಿಯಬೇಕು. ನಿಂತು ಬಡಿದ ರೊಟ್ಟಿ ಉಬ್ಬುವುದಿಲ್ಲ ಎನ್ನುವುದು ಚನ್ನಬಸವ್ವನ ಕಾಯಿದೆ. ಅದಕ್ಕಾಗಿ ಮೂಲೆಯಲ್ಲಿ ನೆಲಕ್ಕೆ ಒಂದು ಸಣ್ಣ ಗ್ಯಾಸಿನ ಒಲೆ, ಪಕ್ಕದಲ್ಲಿ ಸಾಗವಾನಿಯ ಮಣೆ. ಮಣೆಯ ಮೇಲೆ ಅತ್ತೆ, ಬರಿ ನೆಲದ ಮೇಲೆ ಸೊಸೆ. ಸೊಸೆ ಬಡಿದದ್ದನ್ನು ಅತ್ತೆ ನೋಡಿ, ‘ಉಬ್ಬಿಲ್ಲ. ಇನ್ನೊಂದು ಬಡಿ’ ಅನ್ನುವಳು. ಉಬ್ಬಿದರೂ ಅನ್ನುವಳು.

ಸ್ನೇಹಲ್ ಗೋಕಾಕದ ಹುಡುಗಿ. ಖೋಖೋದಲ್ಲಿ ಬೆಳಗಾವಿ ಜಿಲ್ಲೆಯ ತಂಡಕ್ಕೆ ಆಡಿದವಳು. ಕೊನೆಯ ಆಟದಲ್ಲಿ ಮೊಣಕಾಲು ತಿರುಚಿತ್ತು. ಮದುವೆಯಾಗಿ ಪುಣೆಗೆ ಬಂದು ದಿನಾ ಕಾಲು ಮಡಚಿ ರೊಟ್ಟಿ ಬಡಿಯಲು ಕೂತ ಮೇಲೆ ಮೊಣಕಾಲ ಹಿಂದೆ ಹೀಗೇ ಒಂದು ಗಂಟು ಬಂತು. ಆಗ ಅವಳಿಗೆ ಮರಾಠಿಯ ಗಂಧಗಾಳಿ ಇರಲಿಲ್ಲ. ಅಂಗಡಿಯ ಗಲ್ಲಾದಲ್ಲಿ ಕೂತು ಕೂತು ಚನ್ನಬಸವ್ವನ ಮರಾಠಿ ನೀರು ಕುಡಿದ ಹಾಗಿತ್ತು. ಓಣಿಯ ಡಾಕ್ಟರ ಹತ್ತಿರ ಅತ್ತೆಯೇ ಕರೆದೊಯ್ದಳು, ಅವಳೇ ಮಾತಾಡಿದಳು: “ಕಾಹೀ ನಾಹೀ ಡಾಕ್ಟರ್. ಕಾಮಾಚಾ ಕಂಟಾಳಾ. ನಾಟಕ ಕರತೇ.” ಡಾಕ್ಟರು ನಕ್ಕು ನೋವಿನ ಮಾತ್ರೆ ಬರೆದುಕೊಟ್ಟರು.

“ಏನಂದ್ರಿ ಅವರು?” ಎಂದು ಸ್ನೇಹಲ್ ಕೇಳಿದ್ದಳು.

“ಏನಿಲ್ಲಂತ. ಎಣ್ಣಿ ಹಚ್ಚಿ ತಿಕ್ಕಿಸ್ಕೋ ಅಂದ್ರು.”

ಮಾಲೀಶಿನ ಸಕ್ಕುಬಾಯಿ ಬಂದು ತಿಕ್ಕಿದ್ದೇ ತಿಕ್ಕಿದ್ದು. ಒಂದು ದಿನ ಗಂಟು ಒಳಗೇ ಒಡೆದು, ನೀರು ಮೀನಖಂಡಕ್ಕೆ ಇಳಿದು, ಕಾಲು ಕೆಂಪಗೆ ಬಾತುಕೊಂಡಿತು. ಬಾವು ಇಳಿಯಿತು, ಕುಂಟು ಉಳಿಯಿತು. ಮರಾಠಿ ಕಲಿತ ಮೇಲೆ ಆ ಮೂರು ಮಾತಿನ ಅರ್ಥ ತಾನಾಗಿ ತಿಳಿಯಿತು. ಏನೂ ಇಲ್ಲ, ಕೆಲಸಕ್ಕೆ ಬೇಸರ, ನಾಟಕ ಮಾಡುತ್ತಾಳೆ. ಅಂದಿನಿಂದ ಅದನ್ನು ಅವಳು ಮರೆತಿರಲಿಲ್ಲ. ಮರೆಯುವ ಪೈಕಿ ಅವಳಲ್ಲ.

ಈಗ ಅತ್ತೆಯ ಸರದಿ. ಚನ್ನಬಸವ್ವ ತಾನೇ ಸಕ್ಕುಬಾಯಿಗೆ ಹೇಳಿ ಕಳಿಸಿದಳು. ಸ್ನೇಹಲ್ ಎಣ್ಣೆಯನ್ನು ಬಿಸಿ ಮಾಡಿ ಕೊಟ್ಟು, ಇನ್ನಷ್ಟು ಜೋರಾಗಿ ತಿಕ್ಕು ಎಂದು ಮರಾಠಿಯಲ್ಲಿ ಹೇಳಿದಳು. ಅತ್ತೆಗೆ ಕಿವಿ ಹೋಗಿ ಎಷ್ಟೋ ಕಾಲವಾಗಿತ್ತು. ಕಿವಿಗೆ ಹಾಕುವ ಯಂತ್ರ ‘ಗುಂಯ್ ಅಂತದ’ ಎಂದು ಕಪಾಟಿನಲ್ಲಿ ಬಿದ್ದಿತ್ತು. ಮರುದಿನ ಮೀನಖಂಡ ಬಾತಿತು. ಮುದುಕಿ ಹಲ್ಲು ಕಚ್ಚಿ ನರಳಿದಾಗ ಸ್ನೇಹಲ್‌ಗೆ ಕರುಳು ಚುರ್ ಅನ್ನಲಿಲ್ಲ.

ಅಮರ ಗಾಬರಿಯಾಗಿ ಇಬ್ಬರನ್ನೂ ರಿಕ್ಷಾ ಹತ್ತಿಸಿ ಮೂಳೆ ಡಾಕ್ಟರ್ ನೀತಾ ಅವರ ಹತ್ತಿರ ಕಳಿಸಿದ. ನೀತಾ ಮೆಲುದನಿಯ ಹೆಂಗಸು. ಅತ್ತೆಯನ್ನು ಬೋರಲು ಮಲಗಿಸಿ, ಕಾಲು ನೀಡಿಸಿ, ಮಡಚಿಸಿ, ಗಂಟನ್ನು ಒತ್ತಿ ನೋಡಿದರು. ನೀಡಿದಾಗ ಗಟ್ಟಿ, ಮಡಚಿದಾಗ ಮೆತ್ತಗೆ. ಇದು ಮೊಣಕಾಲಿನೊಳಗಿನ ನೀರು ಹಿಂದಕ್ಕೆ ಬಂದು ಚೀಲ ಕಟ್ಟಿದ್ದು, ಬೇಕರ್ ಸಿಸ್ಟ್ ಅನ್ನುತ್ತಾರೆ ಎಂದರು. ಆದರೆ ಮೀನಖಂಡ ಹೀಗೆ ಬಾತರೆ ರಕ್ತ ಹೆಪ್ಪುಗಟ್ಟಿರಲೂಬಹುದು; ಅಂಥ ಕಾಲನ್ನು ತಿಕ್ಕಿದರೆ ಆ ಹೆಪ್ಪು ಪುಪ್ಪಸಕ್ಕೆ ಹೋಗಿ ಜೀವಕ್ಕೇ ಅಪಾಯ ಎಂದು ಗದರಿ, ಆಗಲೇ ಸೋನೋಗ್ರಫಿ ಮಾಡಿಸಿದರು. ಹೆಪ್ಪು ಇರಲಿಲ್ಲ, ಚೀಲ ಸೋರಿತ್ತು ಅಷ್ಟೆ. ಸ್ನೇಹಲ್‌ಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ಅವಳಿಗೇ ತಿಳಿಯಲಿಲ್ಲ.

ಸೂಜಿ ಹಾಕಿ ಮೊಣಕಾಲಿನ ನೀರು ತೆಗೆದು, ಒಂದು ಇಂಜೆಕ್ಷನ್ ಕೊಟ್ಟು, ಕೈ ತೊಳೆಯುತ್ತ ನೀತಾ ಕೇಳಿದರು, ನೀವ್ಯಾಕೆ ಕುಂಟುತ್ತೀರಿ? ಸ್ನೇಹಲ್ ಹೇಳಿದಳು. ನೀತಾ ಅವಳ ಕಾಲನ್ನೂ ತಿರುವಿ ನೋಡಿದರು, ಒಂದು ಎಕ್ಸ್‌ರೇ ತೆಗೆಸಿದರು. ಖೋಖೋದಲ್ಲಿ ತಿರುಚಿದಾಗಲೇ ಮೊಣಕಾಲ ಮೂಳೆಗಳ ನಡುವಿನ ಗಾದಿ ಹರಿದಿತ್ತು, ಗಂಟು ಅದರ ಗುರುತು. ಆಗಲೇ ಯಾರಾದರೂ ಸರಿಯಾಗಿ ನೋಡಿದ್ದರೆ ಸಣ್ಣ ತೂತಿನಿಂದ ಹೊಲಿಯಬಹುದಿತ್ತು, ಓಡಲೂ ಬರುತ್ತಿತ್ತು. ಈಗ ಗಾದಿ ಸವೆದೇ ಹೋಗಿದೆ, ಹೊಲಿಯಲು ಏನೂ ಉಳಿದಿಲ್ಲ, ಈ ಕಾಲು ಇನ್ನು ಪೂರ್ತಿ ಮಡಚುವುದಿಲ್ಲ ಎಂದರು.

ಸ್ನೇಹಲ್‌ಳ ಮೈ ಉರಿದುಹೋಯಿತು. ಮಂಚದ ಮೇಲೆ ಅತ್ತೆ ಏನೂ ಕೇಳಿಸದೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು.

ನೀತಾ ಮೇಜಿನ ಮೇಲಿನ ಕ್ಯಾಲೆಂಡರಿನ ಹಾಳೆ ತಿರುವಿ, ದಸರೆಯ ಮೇಲೆ ಬೆರಳಿಟ್ಟರು. ಅಲ್ಲಿಯ ತನಕ ಅತ್ತೆ ನೆಲದ ಮೇಲೆ ಕೂಡುವಂತಿಲ್ಲ, ವ್ಯಾಯಾಮ ತಪ್ಪಿಸುವಂತಿಲ್ಲ, ಮಾಲೀಶು ಬೇಡವೇ ಬೇಡ. ದಸರೆ ಆದ ಮೇಲೆ ಬನ್ನಿ, ನೋಡೋಣ.

“ಏನಂತಾಳ?” ಎಂದು ಚನ್ನಬಸವ್ವ ಕಿವಿ ಮುಂದೆ ಮಾಡಿದಳು.

ಸ್ನೇಹಲ್ ಆ ಕಿವಿಗೆ ಬಾಯಿ ಹಚ್ಚಿ ಕನ್ನಡದಲ್ಲಿ ಕೂಗಿದಳು: “ಜೀವ ಇರೋತನಕ ನೆಲಕ್ಕ ಕೂಡ್ರಬಾರದಂತ್ರಿ! ಮಣಿ ಮ್ಯಾಲೂ ಇಲ್ಲ. ಕುರ್ಚಿನ ಗತಿ ಅಂತ!”

ಮುದುಕಿಯ ಮುಖ ಸಪ್ಪಗಾಯಿತು. ಕನ್ನಡ ಬಾರದ ನೀತಾ, ಎಷ್ಟು ಕಾಳಜಿಯ ಸೊಸೆ ಎಂದು ಮೆಚ್ಚಿ ತಲೆಯಾಡಿಸಿದರು.

ಅಂದಿನಿಂದ ಸ್ನೇಹಲ್‌ಗೆ ದಿನವೂ ಹಬ್ಬ. ಮಣೆ ಅಟ್ಟಕ್ಕೆ ಹೋಯಿತು, ಒಲೆ ಬಾಲ್ಕನಿಗೆ ಹೋಯಿತು. ರೊಟ್ಟಿಯನ್ನು ಕಟ್ಟೆಯ ಮುಂದೆ ನಿಂತೇ ಬಡಿದಳು. ಅದು ಪೂರಿಯ ಹಾಗೆ ಉಬ್ಬಿತು. ಚನ್ನಬಸವ್ವ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಇಷ್ಟಲಿಂಗ ಪೂಜೆ ಮಾಡಿಕೊಂಡಳು. ನವರಾತ್ರಿಯಲ್ಲಿ ಓಣಿಯ ಕನ್ನಡದ ಹೆಂಗಸರೆಲ್ಲ ಜಮಖಾನೆಯ ಮೇಲೆ ಒತ್ತಾಗಿ ಕೂತು ಹಾಡಿ ನಗುವಾಗ, ಪ್ರತಿವರ್ಷ ನಡುವೆ ಕೂರುತ್ತಿದ್ದವಳು ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಕುರ್ಚಿಯಲ್ಲಿ ಒಬ್ಬಳೇ. ಸ್ನೇಹಲ್ ಪ್ರಸಾದ ಹಂಚುತ್ತ ಅವಳಿಗೆ ಎಲ್ಲರಿಗಿಂತ ಕೊನೆಗೆ ಕೊಟ್ಟಳು. ಹೊಟ್ಟೆ ತಣ್ಣಗಾಯಿತು.

ದಸರೆ ಮುಗಿದ ಮೇಲೆ ಮತ್ತೆ ಡಾಕ್ಟರ ಹತ್ತಿರ ಹೋದರು. ಗಂಟು ಕರಗಿತ್ತು. ಮುದುಕಿ ಒಂದು ದಿನವೂ ವ್ಯಾಯಾಮ ತಪ್ಪಿಸಿರಲಿಲ್ಲ. ನೀತಾ ಖುಷಿಯಾಗಿ, ಇನ್ನು ಸ್ವಲ್ಪ ಸ್ವಲ್ಪ ಹೊತ್ತು ನೆಲಕ್ಕೆ ಕೂಡಬಹುದು ಎಂದರು.

“ಏನಂತಾಳ?”

“ಕುರ್ಚಿ ಬಿಡಬ್ಯಾಡ್ರಿ ಅಂತಾರ!”

ರಿಕ್ಷಾ ಸ್ವಾರಗೇಟ್ ದಾಟಿತು. ಚನ್ನಬಸವ್ವ ಹೊರಗೆ ನೋಡುತ್ತಲೇ ಅಂದಳು, “ಕಿವಿ ಹೋಗ್ಯಾವ, ಕಣ್ಣು ಹೋಗಿಲ್ಲ ನನ್ನೂ. ಆವತ್ತ ಆಕಿ ದಸರಾದ ಮ್ಯಾಲೆ ಬಟ್ಟ ಇಟ್ಟಿದ್ಲು.”

ಸ್ನೇಹಲ್ ತಟ್ಟನೆ ಅವಳ ಕಡೆ ತಿರುಗಿದಳು. “ಮತ್ತ ಯಾಕ ಸುಮ್ಮನಿದ್ರಿ?”

ಈಗ ಇತ್ತ ತಿರುಗಿ, ಬಾಯಿಯ ಚಲನೆ ನೋಡಿಯೇ ಪ್ರಶ್ನೆ ತಿಳಿದುಕೊಂಡು ಮುದುಕಿ ಹೇಳಿದಳು, “ಆವಾಗ ನಾ ನಿನಗ ಒಂದ ಮಾತು ತಿರುವಿ ಹೇಳಿದ್ದೆ. ನೀನೂ ಒಂದ ತಿರುವಿ ಹೇಳಿದಿ. ಹೇಳಲಿ ಅಂತ ಬಿಟ್ಟೆ. ಬರೋಬ್ಬರಿ ಆತಿಲ್ಲೋ? ನಾಳಿಂದ ಒಲಿ ಕೆಳಗ ಇಡು.”

ಇಷ್ಟು ದಿನ ಅನುಭವಿಸಿದ ಸುಖವೆಲ್ಲ ಅತ್ತೆ ಕೊಟ್ಟ ಭಿಕ್ಷೆಯೇ? ಸ್ನೇಹಲ್‌ಗೆ ಅವಮಾನದಿಂದ ಕಣ್ಣು ತುಂಬಿತು. ಅದಕ್ಕಿಂತ ಹೆಚ್ಚಾಗಿ ‘ಬರೋಬ್ಬರಿ’ ಅನ್ನುವ ಮಾತು ಚುಚ್ಚಿತು. ಜನ್ಮದ ಕುಂಟಿಗೆ ನಾಲ್ಕು ದಿನದ ಕುರ್ಚಿ ಸಮವೇ?

ಮರುದಿನ ಬೆಳಿಗ್ಗೆ ಚನ್ನಬಸವ್ವ ಗೆದ್ದ ಠೀವಿಯಲ್ಲಿ ಅಡುಗೆಮನೆಗೆ ಬಂದಳು. ಒಲೆ ನೆಲಕ್ಕೆ ಬಂದಿತ್ತು, ಹೆಂಚು ಕಾದಿತ್ತು, ಹಿಟ್ಟು ನಾದಿಟ್ಟಿತ್ತು. ಮಣೆಯೂ ಅಟ್ಟದಿಂದ ಇಳಿದಿತ್ತು. ಅದರ ಮೇಲೆ ಸ್ನೇಹಲ್ ಕೂತಿದ್ದಳು, ಕುಂಟುಗಾಲನ್ನು ಉದ್ದಕ್ಕೆ ನೀಡಿ.

ಅತ್ತೆಗೆ ತನ್ನ ತುಟಿ ಕಾಣುವ ಹಾಗೆ ಮುಖ ಎತ್ತಿ, ಒಂದೊಂದೇ ಮಾತು ಬಿಡಿಸಿ ಅಂದಳು, “ನಿಮ್ಮ ಕಾಲು ಮಡಚತದ. ನನ್ನ ಕಾಲು ಇನ್ನ ಮಡಚೂದಿಲ್ಲ, ಡಾಕ್ಟರ್ ಹೇಳ್ಯಾರ. ಇದನ್ನ ತಿರುವಿ ಹೇಳ್ತಿಲ್ರಿ. ಕೂಡ್ರಿ, ಬಡೀರಿ.”

ಚನ್ನಬಸವ್ವ ಮಣೆ ನೋಡಿದಳು, ಸೊಸೆಯ ಕಾಲು ನೋಡಿದಳು. ಬಾಗಿಲ ತನಕ ಹೋಗಿ ಮಗನನ್ನು ಕರೆಯಲು ಬಾಯಿ ತೆರೆದು, ಕರೆಯದೆ ತಿರುಗಿ ಬಂದಳು. ಗೋಡೆ ಹಿಡಿದು ನಿಧಾನವಾಗಿ ಬರಿ ನೆಲಕ್ಕೆ ಕೂತಳು. ಹಿಟ್ಟು ಬಡಿದು ಹೆಂಚಿಗೆ ಹಾಕಿ, ನೀರು ಸವರಿ ತಿರುವಿದಳು. ರೊಟ್ಟಿ ದುಂಡಗೆ ಉಬ್ಬಿ ನಿಂತಿತು. ಮುದುಕಿ ಸೊಸೆಯ ಮುಖ ನೋಡಿದಳು.

“ಉಬ್ಬಿಲ್ಲ,” ಅಂದಳು ಸ್ನೇಹಲ್. “ಇನ್ನೊಂದು ಬಡೀರಿ.”