ಎರಡು ಕಾರ್ಡಿನ ಸೊಸಿ

ಮದುವಿ ಆದಮ್ಯಾಲೆ ಗಂಡ-ಹೆಂಡತಿ ಇಬ್ಬರದೂ ಸೇರಿ ಒಂದೇ ಟ್ಯಾಕ್ಸ್ ರಿಟರ್ನ್ ಅಂತ ನಾ ತಿಳಕೊಂಡಿದ್ದೆ. ಬೇಗಂಪೇಟೆಯ ಟ್ಯಾಕ್ಸ್ ಸಲಹೆಗಾರ ತಿಪ್ಪೇಸ್ವಾಮಿಯವರು ಕನ್ನಡಕ ತೆಗೆದು, "ಇಲ್ಲಮ್ಮ, ನಿಮ್ಮದು ನಿಮಗೆ, ಅವರದು ಅವರಿಗೆ" ಅಂದ್ರು. ಹಂಗಾದ್ರ ಮದುವ್ಯಾಗ ಅಷ್ಟು ಮಂದಿ ಕಡೆಯಿಂದ ತಲಿ ಮ್ಯಾಲೆ ಅಕ್ಕಿಕಾಳು ಹಾಕಿಸಿಕೊಂಡಿದ್ದು ಯಾತಕ್ಕ ಅಂತ ಕೇಳಬೇಕು ಅನಿಸ್ತು. ಬಾಜೂಕ ಅತ್ತಿ ಪಾರ್ವತಿಬಾಯಿ ಕುಂತಿದ್ರು. ಬಾಯಿ ಮುಚ್ಚಿಕೊಂಡೆ.

ರಿಟರ್ನ್ ಹಾಳಾಗಲಿ, ನಾ ಒಬ್ಬಾಕಿನೋ ಇಬ್ಬರೋ ಅನ್ನೂದೇ ಅವತ್ತು ನನಗ ತಿಳೀದಂಗಾತು.

ಈ ಗೊಂದಲ ಶುರುವಾಗಿದ್ದು ಮದುವಿ ದಿನಾನೇ. ನಮ್ಮ ಕಡೆ ಸೊಸಿಗೆ ಹೊಸಾ ಹೆಸರು ಇಡತಾರ. ತಾಟಿನ್ಯಾಗ ಅಕ್ಕಿ ಹರವಿ, ಉಂಗುರದಲೆ ಬರಸ್ತಾರ. ನಲಿನಿಯಾಗಿ ಮಣಿ ಮ್ಯಾಲೆ ಕುಂತೆ, ಶಿವದೇವಿಯಾಗಿ ಎದ್ದೆ. ಎಲ್ಲಾರಿಗೂ ಆಗೂದೇ ಬಿಡು ಅಂತ ಸುಮ್ಮನಾದೆ. ಆದರ ನನ್ನ ಗಂಡ ಬಸವರಾಜ ಅವರು! ಡಿಫೆನ್ಸ್ ಕಾರ್ಖಾನಿಯೊಳಗ ಕೂದಲೆಳಿಯಷ್ಟು ತಪ್ಪನ್ನೂ ಹಿಡಿಯೂ ಶ್ಯಾಣ್ಯಾ ಮನಶ್ಯಾ. ದಿಲ್‌ಸುಖ್‌ನಗರದಾಗ ಒಬ್ಬ ಏಜೆಂಟನ್ನ ಹಿಡದು, ನನ್ನ ಪ್ಯಾನ್ ಕಾರ್ಡಿನ್ಯಾಗ ಹೆಸರು ತಿದ್ದಸೂದು ಬಿಟ್ಟು, ಶಿವದೇವಿ ಹೆಸರಿಲೆ ಬ್ಯಾರೇ ಕಾರ್ಡೇ ಮಾಡಿಸಿ ತಂದ್ರು. ಅತ್ತಿ ಅದನ್ನ ದೇವರ ಜಗಲಿ ಮ್ಯಾಲೆ ಇಟ್ಟು ಕುಂಕುಮ ಹಚ್ಚಿದ್ರು. ನಾನೂ ಪೆದ್ದಿ, ನಾಚಾರಂದಾಗ ನನ್ನ ಆಫೀಸಿಗೆ ಅದನ್ನೇ ಒಯ್ದು ಕೊಟ್ಟೆ.

ಹಿಂಗಾಗಿ ನವೆಂಬರ್ ತನಕ ಪಗಾರ ತಗೊಂಡಾಕಿ ನಲಿನಿ, ಡಿಸೆಂಬರದಿಂದ ಶಿವದೇವಿ.

"ಒಬ್ಬರಿಗೆ ಎರಡು ಪ್ಯಾನ್ ಇರಬಾರದಮ್ಮ," ಅಂದ್ರು ತಿಪ್ಪೇಸ್ವಾಮಿ. "ನೋಟಿಸ್ ಬಂದ್ರೆ ಹತ್ತು ಸಾವಿರ ದಂಡ. ಅದಕ್ಕೆ ಮುಂಚೆ ನಾವೇ ಒಂದನ್ನ ವಾಪಸ್ ಕೊಟ್ಟುಬಿಡೋಣ. ಯಾವುದನ್ನ ಕೊಡ್ತೀರ, ಇಲ್ಲಿ ಬರೀರಿ." ಫಾರಂ ನನ್ನ ಮುಂದ ಸರಿಸಿದ್ರು.

ಅತ್ತ ದರಿ, ಇತ್ತ ಪುಲಿ. ಶಿವದೇವಿನ್ನ ಕೊಟ್ರ, ಮನಿಯಾಗ ಅತ್ತಿ ಮಾರಿ ಹೆಂಗ ನೋಡ್ಲಿ? ನಲಿನಿನ್ನ ಕೊಟ್ರ, ಸಾಲಿ ಸರ್ಟಿಫಿಕೇಟಿನ ನಲಿನಿ, ನೌಕರಿ ಗಳಿಸಿದ ನಲಿನಿ, ಅಪ್ಪ ಬಾಗಲದಾಗ ನಿಂತು ಕೂಗತಿದ್ದ ನಲಿನಿ ಎಲ್ಲಿ ಹೋಗಬೇಕು? ಅಪ್ಪನೂ ಈಗಿಲ್ಲ. ಅಳು ಬಂತು, ಸಿಟ್ಟೂ ಬಂತು. ಯಾವುದು ಮೊದಲ ಬಂತು ಅನ್ನೂದೂ ತಿಳೀಲಿಲ್ಲ.

"ಶಿವದೇವಿ, ಸುಮ್ಮನ ಯಾಕ ಕುಂತಿ? ಬರಿ," ಅಂದ್ರು ಅತ್ತಿ.

"ಯಾವುದು ಬರೀಲ್ರಿ ಅತ್ತಿ? ನನಗ ತಿಳೀವಲ್ದು."

ಅತ್ತಿ ನನ್ನ ಮಾರಿ ನೋಡಿದ್ರು. ಆಮ್ಯಾಲೆ ಸೆರಗು ಸರಿ ಮಾಡಿಕೊಂಡು, "ಸರ, ಕಾರ್ಡು ಇಲ್ದವರಿಗೂ ಈ ಫಾರಂ ಕೊಡತಾರೇನ್ರಿ?" ಅಂತ ಕೇಳಿದ್ರು.

ತಿಪ್ಪೇಸ್ವಾಮಿ ನಕ್ಕರು. "ಕಾರ್ಡೇ ಇಲ್ಲದವರು ಏನನ್ನ ವಾಪಸ್ ಕೊಡ್ತಾರಮ್ಮ?"

"ಪಾರ್ವತಿಬಾಯಿ ಅನ್ನೂ ಹೆಸರ್ರಿ. ನಲವತ್ತೊಂದು ವರ್ಷ ಆತು ಅಕ್ಕಿಯೊಳಗ ಬರದು. ಮೊದಲ ನಾ ಪ್ರೇಮಾ ಇದ್ದೆ. ಹಂಗ ಕರಿಯವರು ಈಗ ಒಬ್ಬರೂ ಉಳದಿಲ್ಲ."

ಎಂಟು ತಿಂಗಳು ಒಂದೇ ಮನಿಯಾಗ ಇದ್ದು, ಆ ಹೆಸರು ನಾ ಕೇಳೇ ಇರಲಿಲ್ಲ.

ಅತ್ತಿ ನನ್ನ ಕೈ ಹಿಡದು, ಪೆನ್ನು ಫಾರಂ ಮ್ಯಾಲೆ ಇಡಿಸಿದ್ರು.

"ಶಿವದೇವಿನ್ನ ಕೊಟ್ಟುಬಿಡವಾ, ನಲಿನಿ. ನಿಂದಾದ್ರೂ ಇನ್ನೂ ವಾಪಸ್ ತಗೊಳ್ಳಾಕ ಒಪ್ಪತಾರ."